ತೂಕನುಂಗನ ಕಾಲ್ಕಡಗ

ಬಹಳ ಹಿಂದೆ, ಬೆಟ್ಟಗಳು ಇನ್ನೂ ತಮಗೊಪ್ಪುವ ಜಾಗ ಹುಡುಕುತ್ತ ಸರಿದಾಡುತ್ತಿದ್ದ ಕಾಲದಲ್ಲಿ, ತೊರೆನಾಡು ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಕುದುರೆಗಳಿರಲಿಲ್ಲ. ರಾಜನ ಓಲೆ ಒಯ್ಯುವವರು ಓಡುತ್ತಿದ್ದರು, ಸಂತೆಗೆ ಹೋಗುವವರು ನಡೆಯುತ್ತಿದ್ದರು, ಎಲ್ಲಿಗೂ ಹೋಗದವರು ಮನೆಯೊಳಗೇ ಬಸ್ಕಿ ಹೊಡೆಯುತ್ತಿದ್ದರು. ಕಾಲು ಗಟ್ಟಿಯಿದ್ದವರಿಗೇ ಅಲ್ಲಿ ಮಾನ, ಮರ್ಯಾದೆ.

ರಾಜನ ಓಲೆ ಒಯ್ಯುವವರಲ್ಲಿ ಕಂಚಾಲೆ ಎಂಬ ಹುಡುಗಿಯೊಬ್ಬಳಿದ್ದಳು. ಹಾಲು ಕೊಟ್ಟರೆ ಮೊದಲು ಮೂಸಿ, ಆಮೇಲೆ ಕೊಟ್ಟವರ ಮುಖ ನೋಡಿ, ಆಮೇಲೆ ಕುಡಿಯುವ ಸ್ವಭಾವ ಅವಳದು. ಅವಳಿಗೆ ಇದ್ದವನು ಒಬ್ಬನೇ ಅಣ್ಣ, ಬೊಪ್ಪಣ್ಣ, ಗರಡಿಮನೆಯ ಜಟ್ಟಿ. ತಂಗಿಗೆ ಎಷ್ಟು ಅನುಮಾನವೋ ಅಣ್ಣನಿಗೆ ಅಷ್ಟು ನಂಬಿಕೆ. ಯಾರು ಏನು ಹೇಳಿದರೂ ಹೌದೆನ್ನುವವನು.

ಒಂದು ದಿನ ಕತ್ತೆಯ ಮೇಲೆ ಮೂಟೆ ಹೇರಿಕೊಂಡು ಒಬ್ಬ ವ್ಯಾಪಾರಿ ಬಂದ. ಮೂಟೆಯ ತುಂಬ ಕಬ್ಬಿಣದ ಕಾಲ್ಕಡಗಗಳು. ಇವನ್ನು ಕಾಲಿಗೆ ತೊಟ್ಟರೆ ಆನೆಯ ಕಾಲು ಬರುತ್ತದೆ ಎಂದ. ನಡೆಯುವವರಿಗೂ ಇದೇ, ಓಡುವವರಿಗೂ ಇದೇ, ಮನೆಯೊಳಗೆ ಬಸ್ಕಿ ಹೊಡೆಯುವವರಿಗೂ ಇದೇ ಎಂದ. ಹಣ ಬೇಡ, ಹೊಳಪು ಮಾಸಿದ ಕೂಡಲೇ ಹಳೆಯದನ್ನು ಬಿಚ್ಚಿಕೊಟ್ಟು ಹೊಸದನ್ನು ತೊಟ್ಟರೆ ಸಾಕು ಎಂದ.

ಜನ ಮುಗಿಬಿದ್ದರು. ಕಂಚಾಲೆ ದೂರ ನಿಂತು ನೋಡಿದಳು. ಓಡುವ ಕಾಲಿಗೂ ಕೂತಲ್ಲೇ ಇರುವ ಕಾಲಿಗೂ ಒಂದೇ ಭಾರ ಹೇಗೆ ಸರಿಹೋದೀತು ಎಂದು ಅವಳಿಗೆ ಅನ್ನಿಸಿತು. ಪುಕ್ಕಟೆ ಕೊಡುವವನು ಹಳೆಯದನ್ನು ಅಷ್ಟು ಜೋಪಾನವಾಗಿ ಗಂಟು ಕಟ್ಟಿಕೊಳ್ಳುವುದೇಕೆ ಎಂದೂ ಅನ್ನಿಸಿತು. ಬೊಪ್ಪಣ್ಣ ಮಾತ್ರ ಎಲ್ಲಕ್ಕಿಂತ ಭಾರದ ಜೋಡಿಯನ್ನು ಆರಿಸಿ ತೊಟ್ಟುಬಿಟ್ಟಿದ್ದ.

ಸ್ವಲ್ಪ ದಿನದಲ್ಲಿ ಊರಿನಲ್ಲಿ ವಿಚಿತ್ರ ನಡೆಯಿತು. ಹಳೆಯ ಕಡಗ ಬಿಚ್ಚಿಕೊಟ್ಟವರು ಹತ್ತಿಯ ಎಳೆಯಂತೆ ಮೇಲಕ್ಕೆ ತೇಲತೊಡಗಿದರು. ಹಿಡಿದು ತಂದು ಕಂಬಕ್ಕೆ ಕಟ್ಟಬೇಕಾಯಿತು. ಇನ್ನೂ ಭಾರದ್ದನ್ನು ತೊಟ್ಟಿದ್ದರೆ ಹೀಗಾಗುತ್ತಿರಲಿಲ್ಲ ಎಂದು ವ್ಯಾಪಾರಿ ಮರುಕಪಟ್ಟ. ಜನ ಅದನ್ನೂ ನಂಬಿ ಇನ್ನೂ ಭಾರದ ಕಡಗಕ್ಕೆ ಕೈಯೊಡ್ಡಿದರು. ಕಂಚಾಲೆ ಓಲೆ ಕೊಟ್ಟು ಮನೆಗೆ ಬರುವಷ್ಟರಲ್ಲಿ ಬೊಪ್ಪಣ್ಣನೂ ಹಳೆಯದನ್ನು ಬಿಚ್ಚಿಕೊಟ್ಟು, ಸೂರಿನ ಜಂತೆಗೆ ಬೆನ್ನು ತಾಗಿಸಿಕೊಂಡು ತೇಲುತ್ತಿದ್ದ.

ಅವಳು ಅಳಲಿಲ್ಲ. ಅಣ್ಣನ ಸೊಂಟಕ್ಕೆ ಹಗ್ಗ ಬಿಗಿದು ಕಂಬಕ್ಕೆ ಕಟ್ಟಿದಳು. ಪಕ್ಕದ ಮನೆಯಿಂದ ಒಂದು ಹೊಸ ಕಡಗ ತಂದು ದೊಡ್ಡ ಕುಂಬಳಕಾಯಿಗೆ ತೊಡಿಸಿ, ಹೊತ್ತು ಇಳಿಯುವವರೆಗೆ ಕಾದು, ಬಿಚ್ಚಿದಳು. ಕುಂಬಳಕಾಯಿ ನೆಲ ಬಿಟ್ಟು ಎದ್ದು ಅಣ್ಣನ ಪಕ್ಕದಲ್ಲಿ ಹೋಗಿ ನಿಂತಿತು.

ಆ ಕುಂಬಳಕಾಯಿಯನ್ನು ದಾರಕ್ಕೆ ಕಟ್ಟಿಕೊಂಡು ಕಂಚಾಲೆ ಅರಮನೆಗೆ ಓಡಿದಳು. ರಾಜ ಅದನ್ನು ಕಂಡು ತನ್ನ ಕಾಲನ್ನು ನೋಡಿಕೊಂಡ. ಅಲ್ಲಿಯೂ ಕಡಗವಿತ್ತು. ವ್ಯಾಪಾರಿಯನ್ನು ಹಿಡಿದು ತರಲು ಆಳುಗಳು ಹೋದಾಗ ಅವನು ಮೂಟೆ ಸಮೇತ ಹೊಗೆಯಾಗಿ ಹೋಗಿದ್ದ. ಅವನು ತೂಕನುಂಗನೆಂಬ ಮಾಂತ್ರಿಕನೆಂದು ಆಗ ತಿಳಿಯಿತು. ಸಂತೆಮಾಳದಲ್ಲಿ ಉಳಿದಿದ್ದು ಅವನ ಕತ್ತೆ ಮಾತ್ರ. ಅದರ ನಾಲ್ಕು ಕಾಲಲ್ಲೂ ಕಡಗವಿತ್ತು.

ಕತ್ತೆ ಬಾಯಿಬಿಟ್ಟು ಮನುಷ್ಯರಂತೆ ಮಾತಾಡಿತು. ಕದ್ದ ತೂಕವನ್ನೆಲ್ಲ ಒಡೆಯ ತನ್ನ ಮನೆಯ ಗುಡಾಣದಲ್ಲಿ ತುಂಬಿಟ್ಟಿದ್ದಾನೆ, ಆಷಾಢದ ಗಾಳಿ ಏಳುವ ಮೊದಲು ಅದರ ಮುಚ್ಚಳ ತೆರೆಯದಿದ್ದರೆ ತೇಲುವವರೆಲ್ಲ ಹಗ್ಗ ಹರಿದುಕೊಂಡು ಹೋಗಿಬಿಡುತ್ತಾರೆ, ದಾರಿ ನಾನು ತೋರಿಸುತ್ತೇನೆ ಎಂದಿತು.

ಕಂಚಾಲೆಗೆ ಅದರ ಒಂದು ಮಾತೂ ಹಿಡಿಸಲಿಲ್ಲ. ಕಳ್ಳನ ಕತ್ತೆ ಕಳ್ಳನ ಮನೆಗೇ ಕರೆಯುತ್ತಿದೆ. ಆದರೆ ಬೇರೆ ದಾರಿ ಬಲ್ಲವರು ಯಾರೂ ಇರಲಿಲ್ಲ. ಅವಳು ದಪ್ಪ ಬಟ್ಟೆಯಲ್ಲಿ ಕಾಲಿಗೆ ಕಟ್ಟುವ ಎರಡು ಪಟ್ಟಿ ಹೊಲಿದು, ಒಳಗೆ ಮೆತ್ತನೆಯ ಅರಿವೆ ಕೊಟ್ಟು, ಮರಳು ತುಂಬಲು ಬಾಯಿ ಬಿಟ್ಟು, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಾಂತ್ರಿಕನ ನಾಡಿನಲ್ಲಿ ಭಾರವಿಲ್ಲದೆ ಕಾಲಿಡಲಾಗದೆಂದು ಕತ್ತೆಯೇ ಹೇಳಿತ್ತು. ಆದರೂ ಅವನ ಕಬ್ಬಿಣವನ್ನು ಅವಳು ಮುಟ್ಟಲಿಲ್ಲ.

ಮೊದಲು ಸಿಕ್ಕಿದ್ದು ಹಗುರಬಯಲು. ಅಲ್ಲಿ ನೆಲ ಕಾಲನ್ನು ಹಿಡಿದುಕೊಳ್ಳುವುದಿಲ್ಲ. ಒಂದೊಂದು ಪಟ್ಟಿಗೆ ಒಂದೆರಡು ಹಿಡಿ ಮರಳು ಸಾಕು, ನಡೆಯುವ ಕಾಲಿಗೆ ಅದಕ್ಕಿಂತ ಹೆಚ್ಚು ಬೇಡ ಎಂದಿತು ಕತ್ತೆ. ನನ್ನನ್ನು ಗಾಳಿಗೆ ತೂರಲು ಹೂಡಿದ ಉಪಾಯವಿದು ಎಂದುಕೊಂಡು ಕಂಚಾಲೆ ಪಟ್ಟಿಗಳನ್ನು ಬಿರಿಯುವಂತೆ ತುಂಬಿ ಕಟ್ಟಿದಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮೊಣಕಾಲ ಕೆಳಗೆ ನೋವು ಹತ್ತಿತು, ಹೆಜ್ಜೆ ಎಳೆದಾಡಿತು, ಆಮೇಲೆ ನೆಲವೇ ಹಿಟ್ಟಿನಂತೆ ಕುಸಿದು ಅವಳನ್ನು ಮಂಡಿಯವರೆಗೆ ನುಂಗಿತು. ಕತ್ತೆ ನಿಂತು ನೋಡಿತೇ ಹೊರತು ಹಂಗಿಸಲಿಲ್ಲ. ಅವಳು ಮರಳು ಚೆಲ್ಲುತ್ತ ಬಂದಳು. ಕೊನೆಗೆ ಒಂದೆರಡು ಹಿಡಿ ಉಳಿದಾಗ ಕಾಲು ಮೇಲೆ ಬಂತು. ಮನೆಯ ಅಂಗಳದಲ್ಲಿ ನಡೆದಂತೆ ನಡೆದು ಬಯಲು ದಾಟಿದಳು.

ಆದರೂ ಅವಳು ನಂಬಲಿಲ್ಲ. ಗಾಳ ಹಾಕುವವನು ಮೊದಲು ಎರೆಯನ್ನೇ ಕೊಡುತ್ತಾನಲ್ಲ.

ಎರಡನೆಯದು ಹೊಗೆಹುಲಿಯ ಕಣಿವೆ. ಅಲ್ಲಿ ಓಡಿದವರು ಮಾತ್ರ ಉಳಿಯುತ್ತಾರೆ. ಪಟ್ಟಿಗಳನ್ನು ಪೂರ್ತಿ ಬಿಚ್ಚಿಬಿಡು, ಭಾರ ಕಟ್ಟಿಕೊಂಡು ಓಡಿದರೆ ಮಂಡಿ ಕೈಕೊಡುತ್ತದೆ, ಕಣಿವೆಯ ನೆಲ ಗಟ್ಟಿ ಇದೆ ಎಂದಿತು ಕತ್ತೆ. ಕಂಚಾಲೆ ಪಟ್ಟಿಯ ಗಂಟನ್ನು ಇನ್ನೂ ಬಿಗಿದಳು. ಬಿಚ್ಚು ಎಂಬ ಮಾತಿನಿಂದಲೇ ಅಲ್ಲವೇ ಊರೆಲ್ಲ ತೇಲಿದ್ದು? ಅವಳು ಕಟ್ಟಿಕೊಂಡೇ ಓಡಿದಳು. ಬೂದು ಬಣ್ಣದ ಹುಲಿ ಬಂಡೆಯಿಂದ ಇಳಿದು ಬೆನ್ನು ಹತ್ತಿತು. ಪಟ್ಟಿಗಳು ಪ್ರತಿ ಹೆಜ್ಜೆಗೂ ಕಾಲನ್ನು ಹಿಂದಕ್ಕೆ ಜಗ್ಗಿದವು. ಮಂಡಿ ಹೊರಳಿ ಅವಳು ಮುಗ್ಗರಿಸಿದಳು. ಬಿದ್ದಲ್ಲೇ ಒಂದು ಪಟ್ಟಿಯನ್ನು ಬಿಚ್ಚಿ ಕಾಲನ್ನು ನೆಲಕ್ಕೆ ಒತ್ತಿ ನೋಡಿದಳು. ಕಾಲು ತೇಲಲಿಲ್ಲ. ಇನ್ನೊಂದನ್ನೂ ಕಿತ್ತು ಸೊಂಟಕ್ಕೆ ಸಿಕ್ಕಿಸಿ ಓಡಿದಳು. ಕುಂಟುತ್ತಲೇ ಓಡಿದರೂ ಹುಲಿಯ ಉಸಿರು ಹಿಂದೆ ಬಿತ್ತು.

ಕಣಿವೆಯಾಚೆ ಕತ್ತೆ ಅವಳಿಗಾಗಿ ಕಾದಿತ್ತು. ಅವಳು ಅದರ ಪಕ್ಕ ಕೂತು ಮಂಡಿ ನೀವಿಕೊಂಡಳು. ಧನ್ಯವಾದದ ಮಾತು ನಾಲಿಗೆಯವರೆಗೆ ಬಂದು ಅಲ್ಲೇ ನಿಂತಿತು.

ಮೂರನೆಯದು ತೂಕನುಂಗನ ಮನೆ. ನಡುಮನೆಯಲ್ಲಿ ಆಳೆತ್ತರದ ಗುಡಾಣ, ಅದರ ಮೇಲೆ ಕಲ್ಲಿನ ಮುಚ್ಚಳ. ಮುಚ್ಚಳಕ್ಕೆ ಬಿಗಿದ ಸರಪಳಿ ಒಂದು ಉದ್ದನೆಯ ತೊಲೆಯ ತುದಿಗೆ ಕಟ್ಟಿತ್ತು. ತೊಲೆಯ ಈ ತುದಿಯನ್ನು ಕಾಲಿನಿಂದ ತುಳಿದರೆ ಆ ತುದಿ ಎದ್ದು ಮುಚ್ಚಳ ಬೆರಳಷ್ಟು ಮೇಲೇಳಬೇಕು. ಬಿಡದೆ ಮತ್ತೆ ಮತ್ತೆ ತುಳಿದರೆ ಮಾತ್ರ ಪೂರ್ತಿ ತೆರೆಯುವುದು. ಕಂಚಾಲೆ ತುಳಿದಳು. ತೊಲೆ ಅಲುಗಲಿಲ್ಲ.

"ಈಗ ಪಟ್ಟಿ ತುಂಬ ಮರಳು ತುಂಬಿ ಕಟ್ಟು ತಾಯಿ," ಎಂದಿತು ಕತ್ತೆ. "ಇಲ್ಲಿ ನಡೆಯುವುದಿಲ್ಲ, ಓಡುವುದಿಲ್ಲ. ನಿಂತಲ್ಲೇ ನಿಂತು ಕಾಲೆತ್ತಿ ಇಳಿಸುವ ಕೆಲಸ. ಇಲ್ಲಿ ಭಾರ ಬೇಕು."

ಕಂಚಾಲೆ ಲೆಕ್ಕ ಹಾಕಿದಳು. ಅಷ್ಟು ಭಾರ ಕಟ್ಟಿಕೊಂಡರೆ, ನೊಂದ ಮಂಡಿಯಲ್ಲಿ, ಅವನು ಬಂದಾಗ ಓಡಲಾಗುವುದಿಲ್ಲ. ಕುಂಬಳಕಾಯಿಗೆ ಕಟ್ಟಿ ನೋಡಲು ಇಲ್ಲಿ ಕುಂಬಳಕಾಯಿಯೂ ಇಲ್ಲ, ಹೊತ್ತೂ ಇಲ್ಲ. ಅವಳು ಕತ್ತೆಯ ಮುಖ ನೋಡಿದಳು. ಮುಖ ಕತ್ತೆಯ ಮುಖದಂತೆಯೇ ಇತ್ತು, ಅದರಲ್ಲಿ ಏನೂ ತಿಳಿಯಲಿಲ್ಲ. ಅದರ ಕಾಲು ನೋಡಿದಳು. ಕಬ್ಬಿಣ ಉಜ್ಜಿ ಉಜ್ಜಿ ರೋಮವೆಲ್ಲ ಹೋಗಿ ಚರ್ಮ ಕೆಂಪಗೆ ಸುಲಿದಿತ್ತು.

ಅವಳು ಅಂಗಳದ ಮರಳನ್ನು ಬಾಚಿ, ಪಟ್ಟಿಗಳನ್ನು ಬಿರಿಯುವಂತೆ ತುಂಬಿ ಬಿಗಿದುಕೊಂಡಳು. ತುಳಿದಳು. ತೊಲೆ ಅಲುಗಿತು, ಮುಚ್ಚಳ ಬೆರಳಷ್ಟು ಎದ್ದಿತು. ಮತ್ತೆ ತುಳಿದಳು.

ಅಷ್ಟರಲ್ಲಿ ಬಾಗಿಲಲ್ಲಿ ಹೊಗೆ ಕೂಡಿಕೊಂಡು ತೂಕನುಂಗನಾಯಿತು. ಅವನಿಗೆ ಸಿಟ್ಟೇ ಬರಲಿಲ್ಲ. ಸಂತೆಯಲ್ಲಿ ಮಾತಾಡಿದಷ್ಟೇ ಮೆತ್ತಗೆ ಮಾತಾಡಿದ.

"ಜಾಣೆ ಅಂತ ಕೇಳಿದ್ದೆನಲ್ಲ ಮಗಳೇ, ನನ್ನ ಕತ್ತೆಯ ಮಾತು ನಂಬಿದೆಯಾ? ಪ್ರತಿ ಸಲವೂ ಅದು ಹೀಗೇ ಒಬ್ಬರನ್ನು ಕರೆತರುತ್ತದೆ. ಬಿಚ್ಚಿ ಓಡು. ಇನ್ನೂ ಹೊತ್ತಿದೆ."

ಕಂಚಾಲೆಯ ಕೈ ಪಟ್ಟಿಯ ಗಂಟಿಗೆ ಹೋಯಿತು. ಹುಟ್ಟಿದಂದಿನಿಂದ ಅವಳನ್ನು ಕಾಪಾಡಿಕೊಂಡು ಬಂದ ಅನುಮಾನ ಬಿಚ್ಚು ಬಿಚ್ಚು ಎಂದು ಕೂಗುತ್ತಿತ್ತು. ಕತ್ತೆ ತಲೆ ತಗ್ಗಿಸಿ ನಿಂತಿತ್ತು. ಆಗ ಅವಳಿಗೆ ಹೊಳೆಯಿತು: ಹಿಡಿಯಬಲ್ಲವನು ಓಡು ಎನ್ನುವುದಿಲ್ಲ.

"ನೀನೇ ಬಂದು ಬಿಚ್ಚು," ಎಂದಳು.

ಅವನು ಬರಲಿಲ್ಲ. ಬರುವ ಶಕ್ತಿ ಅವನಿಗಿರಲಿಲ್ಲ. ಕದ್ದ ತೂಕದಿಂದ ಬದುಕುವವನಿಗೆ ಸ್ವಂತ ತೂಕ ಎಲ್ಲಿಂದ ಬರಬೇಕು? ಮುಚ್ಚಳ ಎದ್ದಷ್ಟೂ ಅವನ ಕಾಲು ನೆಲ ಬಿಡುತ್ತಿತ್ತು. ಅವನು ಬಾಗಿಲ ಚೌಕಟ್ಟನ್ನು ತಬ್ಬಿಕೊಂಡ. ಕಂಚಾಲೆ ಕಾಲೆತ್ತಿದಳು, ಇಳಿಸಿದಳು, ಎತ್ತಿದಳು, ಇಳಿಸಿದಳು. ತೊಡೆ ಉರಿಯಿತು, ಮಂಡಿ ನಡುಗಿತು. ಕತ್ತೆಯೂ ಬಂದು ಮುಂಗಾಲುಗಳನ್ನು ತೊಲೆಯ ಮೇಲಿಟ್ಟಿತು. ಇಬ್ಬರೂ ಒಟ್ಟಿಗೆ ತುಳಿದಾಗ ಕಲ್ಲಿನ ಮುಚ್ಚಳ ಉರುಳಿ ನೆಲಕ್ಕೆ ಬಿದ್ದು ಎರಡಾಯಿತು.

ಗುಡಾಣದಿಂದ ತೂಕಗಳು ಹೊರಬಿದ್ದವು. ಗುಡುಗಿನಂತೆ ಉರುಳುತ್ತ, ಕಣಿವೆ ದಾಟಿ, ಬಯಲು ದಾಟಿ, ತಂತಮ್ಮ ಮನೆಗೆ ಹೊರಟವು. ತೂಕನುಂಗ ಚೌಕಟ್ಟಿನಿಂದ ಕೈಜಾರಿ, ಕೂಗುತ್ತ ಮೇಲೇರಿ, ಹಕ್ಕಿಯಷ್ಟಾಗಿ, ನೊಣದಷ್ಟಾಗಿ, ಇಲ್ಲವಾದ. ಅವನ ಸೊಂಟಕ್ಕೆ ಹಗ್ಗ ಬಿಗಿಯುವವರು ಯಾರೂ ಇರಲಿಲ್ಲ.

ತೊರೆನಾಡಿನಲ್ಲಿ ಜನ ದಬದಬನೆ ನೆಲಕ್ಕೆ ಬಿದ್ದರು. ಕೆಲವರ ಸೊಂಟ ನೊಂದಿತು, ಆದರೂ ನಕ್ಕರು. ಬೊಪ್ಪಣ್ಣ ಮಜ್ಜಿಗೆಯ ಗಡಿಗೆಯ ಮೇಲೆ ಬಿದ್ದ.

ಕಂಚಾಲೆ ಕತ್ತೆಯ ಕಡಗಗಳನ್ನು ಒಂದೊಂದಾಗಿ ಬಿಚ್ಚಿ ಎಸೆದಳು. ಈಗ ರಾಜಕುಮಾರನಾಗುತ್ತದೆಯೋ ಏನೋ ಎಂದು ಸ್ವಲ್ಪ ದೂರ ಸರಿದು ಕಾದಳು. ಏನೂ ಆಗಲಿಲ್ಲ. ಅದು ಕತ್ತೆಯೇ ಆಗಿತ್ತು. ಅವಳಿಗೆ ಒಂದು ಬಗೆಯ ಸಮಾಧಾನವಾಯಿತು. ಸುಲಿದ ಚರ್ಮಕ್ಕೆ ಪಟ್ಟಿಯ ಮೆತ್ತನೆಯ ಅರಿವೆ ಸುತ್ತಿ, ಅದರ ಹೆಸರೇನೆಂದು ಕೇಳಿದಳು. ಯಾರೂ ಇಟ್ಟಿಲ್ಲ ಎಂದಿತು. ಊರು ಮುಟ್ಟುವವರೆಗೆ ಇಬ್ಬರೂ ಹೆಸರುಗಳನ್ನು ಹೇಳುತ್ತ, ಬೇಡವೆನ್ನುತ್ತ, ನಿಧಾನವಾಗಿ ನಡೆದರು. ಕೊನೆಗೆ ಸಂಗಾತಿ ಎಂಬ ಹೆಸರು ಇಬ್ಬರಿಗೂ ಒಪ್ಪಿಗೆಯಾಯಿತು. ತೊರೆನಾಡಿನ ಜನ ಅಂದಿನಿಂದ ನೆಲದ ಮೇಲೆ ಕಾಲೂರಿ, ತಂತಮ್ಮ ತೂಕದಲ್ಲಿ ತಾವು ಸುಖವಾಗಿದ್ದರು.