ನಿಂತ ಅಳತೆ, ಕೂತ ಅಳತೆ

"ಸುಮ್ನೆ ನಿಂತ್ಕೊಳ್ಳಿ. ಬೆನ್ನು ನೆಟ್ಟಗಿರ್ಲಿ."

"ದಿನಾ ನಾನು ಬೇರೆಯವರಿಗೆ ಹೇಳೋ ಮಾತಿದು," ಎಂದಳು ಅವಳು. "ಇವತ್ತು ಹೇಳಿಸ್ಕೊಳ್ಳೋ ಗತಿ ನಂದು."

ಅವಳು ಟೈಲರ್. ನಾನು ಕಿಟಕಿ ಬಾಗಿಲು ಮಾಡುವ ಬಡಗಿ. ಅಡುಗೆಮನೆಯ ಸಿಂಕಿನ ಮೇಲಿನ ಕಿಟಕಿ ನೀರು ಸಿಡಿದು ಸಿಡಿದು ಕೊಳೆತುಹೋಗಿದೆ ಎಂದು ಅವಳ ಅಕ್ಕ ಫೋನ್ ಮಾಡಿ ಕರೆಸಿದ್ದರು. ಆ ಮನೆಯಲ್ಲಿದ್ದದ್ದು ಅಕ್ಕ ತಂಗಿ ಇಬ್ಬರೇ.

ಸಿಂಕಿನ ಮೇಲಿನ ಕಿಟಕಿಗೆ ಗೋಡೆ ಅಳೆದರಷ್ಟೇ ಸಾಲದು, ಪಾತ್ರೆ ತೊಳೆಯುವವರನ್ನೂ ಅಳೆಯಬೇಕು. ನನಗೆ ಕೆಲಸ ಕಲಿಸಿದ ಸೋದರಮಾವ ಹೇಳಿಕೊಟ್ಟದ್ದಿದು. ತೊಳೆಯುವವರ ಕಣ್ಣಿನ ಮಟ್ಟಕ್ಕೆ ಗೋಡೆಯ ಮೇಲೊಂದು ಪೆನ್ಸಿಲ್ ಗೆರೆ ಎಳೆಯಬೇಕು. ಆ ಗೆರೆಯಿಂದ ಒಂದು ಗೇಣು ಕೆಳಗೆ ಚೌಕಟ್ಟು ಶುರುವಾಗಬೇಕು. ಆಗ ಮರಕ್ಕೆ ನೀರು ಸಿಡಿಯುವುದಿಲ್ಲ, ಹೊರಗೆ ನೋಡಲು ಕುತ್ತಿಗೆ ಉದ್ದ ಮಾಡಬೇಕಾಗಿಲ್ಲ.

ಅವಳು ಎರಡೂ ಕೈಯಲ್ಲಿ ಸಿಂಕಿನ ಅಂಚು ಹಿಡಿದು ನಿಂತಿದ್ದಳು. ನಾನು ಪಕ್ಕದಲ್ಲಿ ನಿಂತು ಗೆರೆ ಎಳೆಯುವಾಗ ಅವಳ ಕೈ ಸಣ್ಣಗೆ ನಡುಗುತ್ತಿತ್ತು. ಕೆನ್ನೆ ಕೆಂಪಾಗಿತ್ತು. ಇದೆಲ್ಲ ನನ್ನಿಂದ ಎಂದುಕೊಂಡೆ. ಮೂವತ್ತೆಂಟು ವರ್ಷದ ಗಂಡಸಿಗೆ ಇಂಥ ಭ್ರಮೆ ಬರಬಾರದು. ಬಂತು.

ಮೂರನೇ ದಿನ ನಕ್ಷೆ ಬರೆದುಕೊಂಡು ಹೋದೆ. ಸಾಮಾನ್ಯವಾಗಿ ನಾನು ಗಿರಾಕಿಗೆ ಒಂದು ನಕ್ಷೆ ತೋರಿಸುವುದೇ ಹೆಚ್ಚು. ಅವಳಿಗೆ ನಾಲ್ಕು ಬರೆದಿದ್ದೆ, ಪ್ರತಿ ಅಳತೆಯನ್ನೂ ಮಿಲಿಮೀಟರಿನಲ್ಲಿ ಗುರುತಿಸಿ.

"ಇದು ಹೊರಕ್ಕೆ ಚಾಚಿಕೊಂಡಿರುತ್ತೆ, ಪೆಟ್ಟಿಗೆ ಥರ. ಮೂರು ಕುಂಡ ಇಡಬಹುದು."

"ಗಿಡಕ್ಕೆ ದಿನಾ ನೀರು ಹಾಕೋರ್ಯಾರು?"

"ನೀವೇ."

ಅವಳು ನನ್ನನ್ನೊಮ್ಮೆ ನೋಡಿ ಹಾಳೆ ಮಗುಚಿದಳು. "ಮುಂದಿಂದು."

"ಕೆಳಗಿನ ಅರ್ಧಕ್ಕೆ ಮಸುಕು ಗಾಜು. ಬೀದೀಲಿ ಹೋಗೋರಿಗೆ ಒಳಗಡೆ ಕಾಣಲ್ಲ."

"ನಾನು ಕಂಡ್ರೆ ಅವರಿಗೇನು ನಷ್ಟ?"

"ನಷ್ಟ ಎಲ್ಲಿ, ಲಾಭಾನೇ," ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡೆ.

ಅವಳು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಅದರ ಮೇಲಿನಿಂದ ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದಳು. ಹೊಲಿಗೆ ಕೆಟ್ಟ ಅಂಗಿಯನ್ನು ಬಿಚ್ಚುವುದೋ ಬಿಡುವುದೋ ಎಂದು ನೋಡುವ ಹಾಗಿತ್ತು. ನಗು ತಡೆಯಲು ಕೆಳದುಟಿ ಕಚ್ಚಿದ್ದಳು.

"ಮಿಲಿಮೀಟರ್ ಸಾಹೇಬ್ರು ಮಾತಲ್ಲಿ ಮಾತ್ರ ಅಳತೆ ತಪ್ತಾರೆ."

ಮೂರನೆಯದರಲ್ಲಿ ಪಕ್ಕಕ್ಕೆ ಜಾರುವ ಎರಡು ಗಾಜು. ಅದು ಅವಳಿಗೆ ಬೇಡವಾಯಿತು. ಕೊನೆಯದು ನನಗೇ ಇಷ್ಟವಾದದ್ದು. ಒಂದೇ ದೊಡ್ಡ ಗಾಜು, ಮೇಲುಗಡೆ ಕೀಲು, ಹೊರಕ್ಕೆ ತಳ್ಳಿ ತೆರೆಯುವುದು, ಮಳೆ ಬಂದರೂ ಮುಚ್ಚಬೇಕಿಲ್ಲ.

"ಮಧ್ಯೆ ಪಟ್ಟಿ ಯಾಕಿಲ್ಲ?"

"ಪಟ್ಟಿ ಇಟ್ರೆ, ಬೀದಿಯಿಂದ ನೋಡೋರಿಗೆ ಸರಿಯಾಗಿ ನಿಮ್ಮ ಮುಖದ ಮೇಲೆ ಬರುತ್ತೆ."

"ಬೀದಿಯಿಂದ ಯಾರು ನೋಡ್ತಾರೆ?"

"ನಾನು ದಿನಾ ಸಂಜೆ ಇದೇ ದಾರೀಲಿ ಸೈಕಲ್ಲಲ್ಲಿ ಹೋಗೋದು."

ಅವಳು ಹಾಳೆಯ ಅಂಚನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸಿದಳು.

"ಹಾಗಾದ್ರೆ ಬೇಗ ಮಾಡಿ. ಬೇಗ ಅಂದ್ರೆ, ನಿಜವಾಗ್ಲೂ ಬೇಗ."

ಉಳಿದ ಗಿರಾಕಿಗಳ ಕೈಯಲ್ಲಿ ಬೈಸಿಕೊಂಡು ಒಂಬತ್ತೇ ದಿನದಲ್ಲಿ ಮುಗಿಸಿದೆ. ಕಿಟಕಿ ಕೂರಿಸಿ, ಗಾಜು ಒರೆಸಿ, "ಬನ್ನಿ, ನಿಂತು ನೋಡಿ" ಎಂದೆ. ಅವಳು ಗೋಡೆ ಹಿಡಿದು ನಿಧಾನವಾಗಿ ಬಂದಳು. ಬೀದಿಯ ತಿರುವು, ಎದುರು ಮನೆಯ ಬೆಕ್ಕು, ಶಾಲೆ ಬಿಟ್ಟು ಬರುವ ಮಕ್ಕಳು, ಎಲ್ಲವೂ ಕಾಣುತ್ತಿತ್ತು. ಅವಳ ಭುಜ ನನ್ನ ತೋಳಿಗೆ ತಾಗಿತು. ನಾನು ಸರಿಯಲಿಲ್ಲ. ಅವಳೂ ಸರಿಯಲಿಲ್ಲ.

"ನಾಳೆ ಸಂಜೆ ಹೋಗ್ತಾ ಸೈಕಲ್ ಬೆಲ್ ಮಾಡ್ತೀನಿ," ಎಂದೆ.

"ಮಾಡಿ."

ಮಾರನೆಯ ಸಂಜೆ ಬೆಲ್ ಮಾಡಿದೆ. ಕಿಟಕಿ ತೆರೆದಿತ್ತು. ನಲ್ಲಿಯ ಸದ್ದು, ಪಾತ್ರೆಯ ಸದ್ದು ಕೇಳುತ್ತಿತ್ತು. ಮುಖ ಮಾತ್ರ ಇಲ್ಲ. ಮರುದಿನವೂ ಇಲ್ಲ. ಹೀಗೆ ಇಪ್ಪತ್ತು ಸಂಜೆ ಕಳೆಯಿತು. ಒಳಗೆ ಯಾರೋ ಇದ್ದಾರೆ, ಬೆಲ್ ಕೇಳಿದ ಕೂಡಲೇ ಪಾತ್ರೆಯ ಸದ್ದು ನಿಲ್ಲುತ್ತದೆ, ಆದರೆ ಇಣುಕುವುದಿಲ್ಲ. ನನ್ನನ್ನು ಆಟ ಆಡಿಸಿದಳು ಎಂದು ಮೈಯೆಲ್ಲ ಉರಿಯಿತು. ಆ ಕಿಟಕಿ ಮಾಡಿದ ಕೈಯನ್ನೇ ಬೈದುಕೊಂಡೆ.

ಇಪ್ಪತ್ತೊಂದನೆಯ ಸಂಜೆ ಕೀಲಿಗೆ ಎಣ್ಣೆ ಬಿಡುವ ನೆಪ ಮಾಡಿಕೊಂಡು ಬಾಗಿಲು ಬಡಿದೆ. ಅಕ್ಕ ತೆರೆದರು. ಅವರ ಕಣ್ಣು ಊದಿಕೊಂಡಿತ್ತು.

"ಈಗ ಬಂದ್ಯಾ? ಹೋಗು, ಒಳಗಿದ್ದಾಳೆ."

ಅವಳು ಸಿಂಕಿನ ಮುಂದೆ, ಹೊಲಿಗೆ ಮೆಷಿನ್ನಿನ ಗಾಲಿ ಸ್ಟೂಲಿನ ಮೇಲೆ ಕೂತಿದ್ದಳು. ಸಿಂಕು ಅವಳ ಎದೆಮಟ್ಟಕ್ಕಿತ್ತು. ನಲ್ಲಿಗೆ ಕೈ ಎತ್ತಿ ಹಿಡಿದಿದ್ದರಿಂದ ನೀರು ಮೊಣಕೈಗುಂಟ ಇಳಿದು ಬಟ್ಟೆಯೆಲ್ಲ ಒದ್ದೆಯಾಗಿತ್ತು. ನಾನು ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತು ಮೇಲೆ ನೋಡಿದೆ. ನಾನು ಮಾಡಿದ ಕಿಟಕಿಯಲ್ಲಿ ಅಲ್ಲಿಂದ ಒಂದು ಕರೆಂಟ್ ತಂತಿ ಮತ್ತು ತುಂಡು ಆಕಾಶ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

"ಬೆಲ್ ಕೇಳಿಸ್ತಿತ್ತು," ಎಂದಳು. "ಪ್ರತಿ ಸಲ ಏಳೋಕೆ ನೋಡ್ದೆ. ಕಾಲು ಮಾತು ಕೇಳಲ್ಲ."

"ಯಾವಾಗಿಂದ?"

"ನೀವು ಅಳತೆಗೆ ಬರೋ ಮುಂಚಿಂದಾನೇ. ಮೊದಲು ಕಾಲು, ಆಮೇಲೆ ಕೈ, ಆಮೇಲೆ ಉಸಿರು ಅಂತಾರೆ ಡಾಕ್ಟ್ರು. ಎರಡು ವರ್ಷ. ಹೆಚ್ಚಂದ್ರೆ ಮೂರು."

ನನಗೆ ಆಗ ಒಂದೊಂದಾಗಿ ಅರ್ಥವಾಯಿತು. ಸಿಂಕಿನ ಅಂಚು ಹಿಡಿದದ್ದು ಬೀಳದಿರಲು. ಕೆನ್ನೆ ಕೆಂಪಾದದ್ದು ನಿಲ್ಲುವ ಶ್ರಮಕ್ಕೆ.

"ಗೊತ್ತಿದ್ದೂ ನಿಂತು ಯಾಕೆ ಅಳತೆ ಕೊಟ್ರಿ? ಕೂತು ಕೊಟ್ಟಿದ್ರೆ..."

"ಇಷ್ಟು ವರ್ಷ ಊರೋರ ಅಳತೆಯೆಲ್ಲ ತಗೊಂಡೆ. ನನ್ನನ್ನ ಯಾರೂ ಅಳೆದಿರ್ಲಿಲ್ಲ. ಒಂದ್ಸಲ, ನಿಂತಿರೋ ನನ್ನನ್ನ ಯಾರಾದ್ರೂ ಗೋಡೆ ಮೇಲೆ ಗುರುತು ಹಾಕ್ಲಿ ಅನ್ನಿಸ್ತು."

"ಅವತ್ತು ಭುಜ ತಾಗಿಸಿದ್ದೂ ಬೀಳಬಾರ್ದು ಅಂತಾನಾ?"

"ತಾಗಿಸಿದ್ದು ಅದಕ್ಕೇ." ಅವಳು ಒದ್ದೆ ಕೈಯನ್ನು ನೋಡಿಕೊಂಡಳು. "ಬೀಳಲ್ಲ ಅಂತ ಗೊತ್ತಾದ್ಮೇಲೂ ತೆಗೀಲಿಲ್ಲ."

ನಾನು ಎದ್ದು ಬಾಗಿಲ ಕಡೆ ನಡೆದೆ.

"ಹೋಗಿ," ಎಂದಳು ಬೆನ್ನ ಹಿಂದಿನಿಂದ. "ಬೈಕೊಳ್ಳಲ್ಲ."

ಸೈಕಲ್ಲಿನ ಚೀಲದಿಂದ ಟೇಪು, ಪೆನ್ಸಿಲ್ ತಂದೆ.

"ಸುಮ್ನೆ ಕೂತ್ಕೊಳ್ಳಿ. ಬೆನ್ನು ನೆಟ್ಟಗಿರ್ಲಿ."

"ಹುಚ್ಚಾಟ ಬೇಡ."

"ನನಗೆ ನೀವು ಬೇಕು. ಅದನ್ನ ಸುತ್ತಿ ಬಳಸಿ ಹೇಳೋಕೆ ನನಗೆ ಬರಲ್ಲ."

"ಎರಡು ವರ್ಷಕ್ಕಾ?"

"ಎಷ್ಟಿದ್ರೆ ಅಷ್ಟಕ್ಕೆ."

ಅವಳು ಅತ್ತಳು. ಅಳುತ್ತಲೇ ಬೆನ್ನು ನೆಟ್ಟಗೆ ಮಾಡಿದಳು. "ಆಮೇಲೆ ಮಲಗಿರೋ ಅಳತೇನೂ ತಗೋಬೇಕಾಗುತ್ತೆ, ಮಿಲಿಮೀಟರ್."

"ತಗೋತೀನಿ."

ಹಳೆಯ ಗೆರೆಯನ್ನು ಅಳಿಸದೆ ಅದರ ಕೆಳಗೆ ಇನ್ನೊಂದು ಗೆರೆ ಎಳೆದೆ. ಆರು ದಿನ ಗೋಡೆ ಒಡೆದು ಕಿಟಕಿ ಇಳಿಸಿದೆ. ಸಿಂಕನ್ನೂ ಇಳಿಸಿ, ಅಡಿಯಲ್ಲಿ ಮೊಣಕಾಲು ಹೋಗುವಷ್ಟು ಖಾಲಿ ಬಿಟ್ಟೆ. ನಲ್ಲಿ ಪಕ್ಕದ ಗೋಡೆಗೆ ಹೋಯಿತು. ಈ ಸಲ ಮರಕ್ಕೆ ನೀರು ಸಿಡಿಯುವುದು ತಪ್ಪುವಂತಿರಲಿಲ್ಲ. ಸಿಡಿಯಲಿ ಎಂದು ಬಿಟ್ಟೆ. ತಿಂಗಳು ಕಳೆದ ಮೇಲೆ ರಿಜಿಸ್ಟ್ರಾರ್ ಕಚೇರಿಯಲ್ಲಿ, ಅಕ್ಕನ ಎದುರು ಇಬ್ಬರೂ ಸಹಿ ಹಾಕಿ ಮದುವೆಯಾದೆವು.

ಹದಿನಾಲ್ಕು ತಿಂಗಳು ನಾನು ಪ್ರತಿ ಸಂಜೆ ತಿರುವಿನಲ್ಲಿ ಬೆಲ್ ಮಾಡಿದೆ. ಕಿಟಕಿಯಲ್ಲಿ ಅವಳ ಮುಖ ಇರುತ್ತಿತ್ತು, ಸೋಪಿನ ಕೈ ಮೇಲೇಳುತ್ತಿತ್ತು. "ಇವತ್ತು ಎರಡು ನಿಮಿಷ ಲೇಟು ನೀನು" ಎಂದು ಜಗಳಕ್ಕೆ ಬರುತ್ತಿದ್ದಳು. ನಂತರ ಕೈ ಏಳುವುದು ನಿಂತಿತು. ಮಂಚವನ್ನು ಅಡುಗೆಮನೆಗೇ ತಂದೆ. ಕಿಟಕಿಯನ್ನು ಇನ್ನೂ ಕೆಳಕ್ಕೆ ಇಳಿಸುವಂತಿರಲಿಲ್ಲವಾದ್ದರಿಂದ ಮಂಚದ ಕಾಲುಗಳನ್ನು ಎತ್ತರಿಸಿದೆ. ಅವಳ ಕಣ್ಣು ಎರಡನೆಯ ಗೆರೆಯ ಮಟ್ಟಕ್ಕೆ ಸರಿಯಾಗಿ ಬಂತು. ಆ ಹೊತ್ತಿಗೆ ಮಾತು ಹೋಗಿತ್ತು. ಬೆಲ್ ಕೇಳಿದರೆ ಕಣ್ಣು ಮಿಟುಕಿಸುತ್ತಿದ್ದಳು. ಡಾಕ್ಟರು ಹೇಳಿದ ಎರಡು ವರ್ಷವೂ ತುಂಬಲಿಲ್ಲ.

ಈಗ ಪಾತ್ರೆ ತೊಳೆಯುವುದು ನಾನು. ಅಕ್ಕ ವಾರಕ್ಕೊಮ್ಮೆಯಾದರೂ ಗದರುತ್ತಾರೆ: "ಆ ಸಿಂಕು ಎತ್ತರಿಸ್ಕೊಳ್ಳಪ್ಪಾ. ಬಗ್ಗಿ ಬಗ್ಗಿ ಸೊಂಟ ಹೋಗುತ್ತೆ."

ನಾನು ಬಗ್ಗುವುದಿಲ್ಲ. ಅವಳ ಸ್ಟೂಲನ್ನು ಎಳೆದುಕೊಂಡು ಕೂರುತ್ತೇನೆ. ಅಲ್ಲಿಂದ ಬೀದಿಯ ತಿರುವಿನವರೆಗೂ ಕಾಣುತ್ತದೆ. ಸಂಜೆ ಯಾರದೋ ಸೈಕಲ್ ಬೆಲ್ ಕೇಳಿದರೆ ಸೋಪಿನ ಕೈ ತಾನಾಗಿಯೇ ಮೇಲೇಳುತ್ತದೆ.