ಸಿಹಿನೀರಿನಲ್ಲಿ ನೀಲಿ ಹುಳು

ಯಾರೋ ಹಿಂದಿನಿಂದ ಜಡೆ ಹಿಡಿದು ಎಳೆದರು.

ವಿನೋದಿನಿ ಬಾಂದ್ರಾದ ಕರಿಬಂಡೆಯ ಮೇಲೆ ಅಂಗಾತ ಬಿದ್ದಳು. ಕೈಯಲ್ಲಿದ್ದ ಗಾಜಿನ ಬಾಟಲಿ ಒಡೆಯಿತು. ಎಳೆದವನು ಬಿಡಲಿಲ್ಲ. ಸಿಕ್ಕ ಕಲ್ಲೆತ್ತಿ ಅವನ ಹಣೆಗೆ ಚಚ್ಚಿದಳು. ಬಿಸಿ ರಕ್ತ ಅವಳ ಮುಖದ ಮೇಲೆ ಸುರಿಯಿತು.

ಮರುಕ್ಷಣ, ಅವಳು ಬಗ್ಗಿ ನಿಂತಿದ್ದ ಜಾಗಕ್ಕೆ ಆಳೆತ್ತರದ ಅಲೆ ಅಪ್ಪಳಿಸಿತು.

'ಅಯ್ಯೋ... ಇವನು ನನ್ನನ್ನು ಉಳಿಸಿದನಾ?'

ಅಷ್ಟರಲ್ಲಿ ರಸ್ತೆಯಲ್ಲಿ ಕಾಯುತ್ತಿದ್ದ ಅಣ್ಣ ಶೇಖರ ಓಡಿ ಬಂದ. ಅವನಿಗೆ ಕಂಡದ್ದು ತಂಗಿಯ ಜಡೆ ಹಿಡಿದ ಪರಗಂಡಸಿನ ಕೈ. ಕೊಡೆ ಮುರಿಯುವ ತನಕ ಹೊಡೆದ. ಮುರಿದ ಮೇಲೆ ಒದ್ದ.

"ಅಲಿ ಬಂತ್ರೀ... ಅದಕ್ಕ ಎಳದೆ," ಎಂದ ಅವನು. ಹೆಸರು ಪರಪ್ಪ, ಬಿಜಾಪುರದವನು, ಈಗ ಮುಂಬಯಿಯ ಚಾಳೊಂದರಲ್ಲಿ ವಾಸ, ಅಮಾವಾಸ್ಯೆಯ ಸ್ನಾನಕ್ಕೆ ಬಂದಿದ್ದ. ಬಿಜಾಪುರ ಇನ್ನೂ ಮುಂಬಯಿ ರಾಜ್ಯದಲ್ಲೇ ಇದ್ದ ಕಾಲ ಅದು.

"ಹೌದನಾ?" ಶೇಖರ ತಂಗಿಯನ್ನು ಕೇಳಿದ.

ಅವಳು ಬಾಯಿ ಬಿಡಲಿಲ್ಲ. ಪೋಕರಿಯ ಕಾಟ ಎಂದರೆ ಅಣ್ಣ ಕಾವಲು ನಿಲ್ಲುತ್ತಾನೆ, ಅಷ್ಟೇ. ಅಲೆ ಎಂದರೆ ಕಡಲಿಗೇ ಬಿಡುವುದಿಲ್ಲ. ಕಾಲೇಜಿನ ಪಾಠಕ್ಕೆಂದು ಅವಳು ಆ ಬಾಟಲಿಯಲ್ಲಿ ಹಿಡಿದಿದ್ದದ್ದು ಉಗುರಿನಷ್ಟು ಪುಟ್ಟ ಕಡಲಹುಳು. ಚಿಪ್ಪಿಲ್ಲ, ನೀಲಿ ಮೈ, ಹಳದಿ ಅಂಚು. ಅಮಾವಾಸ್ಯೆಯಂದು ಕಡಲು ಬಹಳ ಇಳಿದಾಗ ಅದು ಇರುವ ಕಲ್ಲುಗುಂಡಿ ಬಯಲಾಗುತ್ತದೆ. ಆ ಹುಳುವಿಗಾಗಿ ಒಬ್ಬನ ಹಲ್ಲು ಉದುರುವುದನ್ನು ನೋಡುತ್ತ ನಿಂತಳು, ನಮ್ಮ ಪುಣ್ಯಾತ್ಗಿತ್ತಿ.

ಆಮೇಲೆ ತಲೆ ಬಾಚಿದಾಗಲೆಲ್ಲ ಆ ಕೈ ನೆನಪಾಗಿ ಅಳು ಬರುತ್ತಿತ್ತು.

ಮುಂದಿನ ಅಮಾವಾಸ್ಯೆಗೆ ಪರಪ್ಪ ಅಲ್ಲೇ ಇದ್ದ. ಹಣೆಯಲ್ಲಿ ಗಾಯದ ಗುರುತು, ಕೈಯಲ್ಲಿ ಹಿತ್ತಾಳೆ ತಂಬಿಗೆ.

"ನನ್ನಿಂದ ನಿಮ್ಮ ಬಾಟ್ಲಿ ಒಡೀತು. ಅಂಥಾದ ಹುಳ ಹುಡಿಕೀನ್ರೀ. ಚಾಳಿನ ನಳದ ಸಿಹಿನೀರಾಗ ಬಿಟ್ಟೀನಿ."

ಹುಳು ತಳದಲ್ಲಿ ಮುದುಡಿ ಸತ್ತಿತ್ತು.

"ಸಿಹಿನೀರು ಯಾಕೆ?"

"ನಮ್ಮ ಬರಗಾಲದ ಸೀಮ್ಯಾಗ ಮನಿಗೆ ಬಂದವರಿಗೆ ಕೊಡಾಕ ಅದಕ್ಕಿಂತ ದೊಡ್ಡದು ಏನೈತ್ರೀ?"

"ಉಪ್ಪುನೀರಿನ ಜೀವ ಅದು. ಸಿಹಿನೀರು ಅದಕ್ಕೆ ವಿಷ..." ಎನ್ನುತ್ತ ವಿನೋದಿನಿ ಬಿಕ್ಕಿದಳು. 'ಇಷ್ಟು ಪೆಟ್ಟು ತಿಂದವನು ನನ್ನ ಹುಳುವಿಗೆ ಸಿಹಿನೀರು ತಂದಿದ್ದಾನೆ...'

ಅಳು ಕಂಡದ್ದೇ ಶೇಖರ ಮುಷ್ಟಿ ಬಿಗಿದು ಓಡಿ ಬಂದ. ಈ ಸಲ ಅವಳು ನಡುವೆ ನುಗ್ಗಿದಳು. ಏಟು ಅವಳ ತುಟಿ ಸೀಳಿತು.

"ಅವರು ಎಳೆಯದಿದ್ರೆ ನನ್ನ ಹೆಣ ಸಿಗ್ತಿತ್ತು ಅಣ್ಣ. ನಿಜ ಹೇಳಿದ್ರೆ ನೀನು ಕಡಲಿಗೆ ಬಿಡ್ಲಿಕ್ಕಿಲ್ಲ ಅಂತ ಅವತ್ತು ಸುಮ್ಮನಿದ್ದೆ."

ಶೇಖರ ಬಂಡೆಯ ಮೇಲೆ ಕುಸಿದು ತನ್ನ ಕೈಯನ್ನೇ ನೋಡಿಕೊಂಡ. "ನನಗೆ ಈಜು ಸಹ ಬರುದಿಲ್ಲ... ಇನ್ನು ಇವರು ಕಾವಲು ನಿಂತರೆ ಮಾತ್ರ ನೀನು ಇಳಿ."

ಪರಪ್ಪ ತುಟಿಯ ರಕ್ತ ಒರೆಸಿಕೊಳ್ಳಲು ಅವಳಿಗೆ ತನ್ನ ಟವೆಲ್ ಚಾಚಿದ.

"ಬರೋ ಅಮಾಸಿಗೆ ಬರ್ಲೇನ್ರೀ?"

"ಒಂದು ಅಮಾವಾಸ್ಯೆ ಸಾಕಾ ನಿಮಗೆ?"

"ಸಾಲೂದಿಲ್ರೀ."

"ನನಗೂ ಸಾಲುದಿಲ್ಲ. ಬರುವಾಗ ಸಿಹಿನೀರು ತನ್ನಿ... ನನಗೆ ಕುಡಿಲಿಕ್ಕೆ."