ನಡುಬಂಡೆಯ ಮೇಲಿನ ಕೂಸು

ಬಹಳ ಬಹಳ ಹಿಂದೆ, ಏಳು ಕಡಲುಗಳ ನಡುವೆ ಹವಳಖಂಡ ಎಂಬ ದೊಡ್ಡ ನೆಲವಿತ್ತು. ಅದನ್ನು ಮಾಡಿದ ದೇವರು ಬಲು ಕಿಲಾಡಿ. ಮೂಡಣ ಕರಾವಳಿಯವರಿಗೆ ಉಪ್ಪು ಕೊಟ್ಟ, ಕಬ್ಬಿಣ ಕೊಡಲಿಲ್ಲ. ಬಡಗಣ ಬೆಟ್ಟದವರಿಗೆ ಕಬ್ಬಿಣ ಕೊಟ್ಟ, ತಾಮ್ರ ಕೊಡಲಿಲ್ಲ. ಪಡುವಣ ಮರಳುನಾಡಿನವರಿಗೆ ತಾಮ್ರ ಕೊಟ್ಟ, ಮದ್ದು ಕೊಡಲಿಲ್ಲ. ತೆಂಕಣ ಕಾಡಿನವರಿಗೆ ಜ್ವರ ಇಳಿಸುವ ಕಹಿತೊಗಟೆ ಕೊಟ್ಟ, ಚಿಟಿಕೆ ಉಪ್ಪು ಕೊಡಲಿಲ್ಲ. ಹಾಗಾಗಿ ಒಬ್ಬರಿಗೆ ಇನ್ನೊಬ್ಬರು ಬೇಕೇ ಬೇಕಿತ್ತು.

ಬೇಕಿತ್ತು ನಿಜ, ಆದರೆ ಮುಖ ನೋಡುವ ಪದ್ಧತಿ ಇರಲಿಲ್ಲ. ಕಾಡಿನ ಅಂಚಿನಲ್ಲಿ ನಡುಬಂಡೆ ಎಂಬ ಚಪ್ಪಟೆ ಕಲ್ಲಿತ್ತು. ಕರಾವಳಿಯವರು ಅದರ ಮೇಲೆ ಉಪ್ಪಿನ ಚೀಲ ಇಟ್ಟು, ಡೋಲು ಬಾರಿಸಿ, ನೂರು ಹೆಜ್ಜೆ ಸರಿದು ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಆಗ ಕಾಡಿನವರು ಬಂದು ಪಕ್ಕದಲ್ಲಿ ತೊಗಟೆ ಇಟ್ಟು, ತಾವೂ ಡೋಲು ಬಾರಿಸಿ, ತಾವೂ ನೂರು ಹೆಜ್ಜೆ ಸರಿದು ಬೆನ್ನು ತಿರುಗಿಸುತ್ತಿದ್ದರು. ಆಮೇಲೆ ಇವರು ತೊಗಟೆ ಎತ್ತಿಕೊಂಡರೆ ಅವರು ಉಪ್ಪು ಎತ್ತಿಕೊಳ್ಳುತ್ತಿದ್ದರು. ಮುಖ ನೋಡಿದರೆ ಚೌಕಾಸಿ, ಚೌಕಾಸಿಯಾದರೆ ಜಗಳ ಎಂದು ಹಿರಿಯರು ಹೀಗೆ ಕಟ್ಟುಮಾಡಿದ್ದರು. ಹಿರಿಯರಿಗೂ ಒಂದೊಂದು ಸಲ ಬುದ್ಧಿ ಹೆಚ್ಚಾಗುತ್ತದೆ.

ಏಕೆಂದರೆ ಇಬ್ಬರೂ ಬೆನ್ನು ತಿರುಗಿಸಿದ ಆ ಗಳಿಗೆಯಲ್ಲೇ ಬೂದಿಗಣ್ಣ ಎಂಬ ಮಾಯಾವಿ ಬಂದು ಸೇರಿಕೊಂಡ. ಉಪ್ಪು, ತೊಗಟೆ ಎರಡನ್ನೂ ಬಾಚಿಕೊಂಡು ಎರಡು ಹಿಡಿ ಬೂದಿ ಇಟ್ಟುಹೋಗುತ್ತಿದ್ದ. ಕಾಡಿನವರು ಮೋಸಗಾರರು, ಕೂಸುಗಳನ್ನು ತಿನ್ನುವವರು ಎಂದು, ಯಾರ ಕಣ್ಣಿಗೂ ಬೀಳದೆ, ಕರಾವಳಿಯಲ್ಲಿ ಸುದ್ದಿ ಹಬ್ಬಿಸಿದ. ಕಾಡಿನಲ್ಲಿ ಕರಾವಳಿಯವರ ಬಗ್ಗೆಯೂ ಅದನ್ನೇ ಹೇಳಿದ. ಸುಳ್ಳು ಕಟ್ಟುವುದರಲ್ಲಿ ಅವನು ಸೋಮಾರಿ. ವ್ಯಾಪಾರ ನಿಂತಿತು. ದಾರಿಯುದ್ದಕ್ಕೂ ಚೆಲ್ಲುತ್ತಿದ್ದ ಉಪ್ಪು ನೆಕ್ಕಲು ಸಿಗದೆ ಮೃಗಗಳಿಗೂ ಹುಚ್ಚು ಹಿಡಿಯಿತು.

ಕರಾವಳಿಯಲ್ಲಿ ಉಪ್ಪು ತೆಗೆಯುವ ದುಗ್ಗಳೆ ಎಂಬ ಹೆಂಗಸಿದ್ದಳು. ಚಳಿಜ್ವರ ಅವಳ ಗಂಡನನ್ನು ಒಯ್ದಿತ್ತು. ಈಗ ಅದೇ ಜ್ವರ ನಾಲ್ಕು ವರ್ಷದ ಮಗಳು ಬೊಮ್ಮಿಯನ್ನು ಹಿಡಿಯಿತು. ಕೂಸಿನ ಮೈ ಕಾದ ಹೆಂಚಿನ ಹಾಗೆ ಸುಡುತ್ತಿತ್ತು.

"ಹುಣ್ಣಿಮೆ ದಾಟಿದ್ರೆ ಕೂಸು ಉಳಿಯಲ್ಲ ಕಣವ್ವ," ಎಂದಳು ನಾಡಿ ನೋಡಿದ ಮುದುಕಿ. "ಕಹಿತೊಗಟೆ ಒಂದೇ ಮದ್ದು."

"ಹಂಗಾದ್ರೆ ನಾನೇ ಹೋಗ್ತೀನಿ."

"ಕಾಡಿನೋರು ತಿಂದುಹಾಕ್ತಾರೆ ಕಣೇ!"

"ಜ್ವರ ಆಗ್ಲೇ ತಿಂತಾ ಇದೆಯಲ್ಲ ಅಜ್ಜಿ," ಎಂದಳು ದುಗ್ಗಳೆ.

ಹುಣ್ಣಿಮೆಗೆ ನಾಲ್ಕೇ ದಿನವಿತ್ತು, ಬೆಟ್ಟ, ಮರಳುನಾಡು ಬಳಸಿ ನಡುಬಂಡೆಗೆ ಹೋಗುವುದಕ್ಕೇ ನಾಲ್ಕು ದಿನ ಬೇಕಿತ್ತು. ಆದ್ದರಿಂದ ಕೂಸನ್ನೇ ಬೆನ್ನಿಗೆ ಕಟ್ಟಿಕೊಂಡಳು. ಎತ್ತಿನ ಮೇಲೆ ಮೂರು ಚೀಲ ಉಪ್ಪು ಹೇರಿ, ಹೆಗಲಿಗೆ ಡೋಲು ತೂಗುಹಾಕಿಕೊಂಡು ಹೊರಟಳು.

ಬೆಟ್ಟದ ಬುಡದಲ್ಲಿ ಕಬ್ಬಿಣದ ಕೋಡಿನ ಕಾಡುಕೋಣ ಅಡ್ಡ ನಿಂತಿತು. ಅದರ ಮೂಗಿನಿಂದ ಕಿಡಿ ಹಾರುತ್ತಿತ್ತು.

"ದಾರಿ ಬಿಡಪ್ಪ, ನನ್ನ ಮಗಳು ಸಾಯ್ತಾ ಇದ್ದಾಳೆ."

"ನನ್ನ ನಾಲಿಗೆ ಸಾಯ್ತಾ ಇದೆ. ಉಪ್ಪು ಕೊಡು!"

ಅವಳು ಒಂದು ಚೀಲ ಬಿಚ್ಚಿದಳು. ಕೋಣ ನೆಕ್ಕಿತು, ಕಿಡಿ ಆರಿತು, ದಾರಿ ಬಿಟ್ಟಿತು.

ಮರಳುನಾಡಿನಲ್ಲಿ ತಾಮ್ರದ ಮೈಯ ಒಂಟೆ ಅಡ್ಡ ನಿಂತಿತು. ಅದು ಉಸಿರು ಬಿಟ್ಟರೆ ಮರಳು ಮೊಣಕಾಲಿನವರೆಗೆ ಏರುತ್ತಿತ್ತು.

"ದಾರಿ ಬಿಡಪ್ಪ, ನನ್ನ ಮಗಳು ಸಾಯ್ತಾ ಇದ್ದಾಳೆ."

"ಉಪ್ಪು ಕೊಡು. ಒಬ್ಬನೇ ಇದ್ದು ಬೇಜಾರು, ಆ ಎತ್ತನ್ನೂ ಬಿಟ್ಟುಹೋಗು!"

ಎರಡನ್ನೂ ಕೊಟ್ಟು, ಉಳಿದ ಚೀಲವನ್ನು ತಲೆಯ ಮೇಲೆ ಹೊತ್ತು ದುಗ್ಗಳೆ ನಡೆದಳು. ಬೆನ್ನ ಮೇಲೆ ಕೂಸಿನ ಉಸಿರು ಸಣ್ಣಗಾಗುತ್ತಿತ್ತು.

ಕಾಡಿನ ಬಾಗಿಲಲ್ಲಿ ಆನೆಯೊಂದು ಮರಗಳನ್ನು ಬೇರುಸಹಿತ ಕೀಳುತ್ತಿತ್ತು. ದುಗ್ಗಳೆ ಅದರ ಕಾಲು ಹಿಡಿದಳು. "ಅರ್ಧ ಚೀಲ ನಿನಗೆ. ಇನ್ನರ್ಧ ಇಲ್ಲದಿದ್ರೆ ನನಗೆ ತೊಗಟೆ ಸಿಗಲ್ಲಪ್ಪ!" ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಸಾಕೇ? ಚೀಲವನ್ನು ಕೊಡವಿ ನೆಕ್ಕಿತು. ಹುಚ್ಚು ಇಳಿದ ಮೇಲೆ ಅದಕ್ಕೆ ನಾಚಿಕೆಯಾಯಿತು.

"ತಂಗೀ, ಒಂದು ಗುಟ್ಟು ಹೇಳ್ತೀನಿ. ನಿಮ್ಮನ್ನು ದೋಚಿದವನು ಬೂದಿಗಣ್ಣ. ಅವನನ್ನ ಒಂದೇ ಕಡೆಯವರು ನೋಡಿದ್ರೆ, ನೋಡಿದವರು ಕಲ್ಲಾಗ್ತಾರೆ. ಎರಡೂ ಕಡೆಯವರು ಒಟ್ಟಿಗೆ ನೋಡಿದ್ರೆ ಅವನೇ ಬೂದಿ. ಆದ್ರೆ ಕಾಡಿನವರನ್ನ ಕೂಗಬೇಡ. ನಿಮ್ಮ ದನಿ ಕೇಳಿದ್ರೆ ಓಡಿಹೋಗ್ತಾರೆ. ಅವರು ಬರೋದು ಡೋಲಿಗೆ ಮಾತ್ರ."

ಹುಣ್ಣಿಮೆಯ ದಿನ, ಮಟಮಟ ಮಧ್ಯಾಹ್ನ, ದುಗ್ಗಳೆ ನಡುಬಂಡೆಯ ಮುಂದೆ ನಿಂತಳು. ಬರೀ ಬಂಡೆಗೆ ಡೋಲು ಬಾರಿಸುವಂತಿಲ್ಲ. ಇಡುವುದಕ್ಕೆ ಚಿಟಿಕೆ ಉಪ್ಪೂ ಇಲ್ಲ. ಬೊಮ್ಮಿಯ ತುಟಿ ಕಪ್ಪಾಗಿತ್ತು. ಕಾಡಿನವರು ಕೂಸುಗಳನ್ನು ತಿನ್ನುತ್ತಾರೆಂದು ಕೇಳುತ್ತ ಬಂದವಳು, ಕೂಸನ್ನು ಬೆನ್ನಿನಿಂದ ಬಿಚ್ಚಿ ಬಂಡೆಯ ಮೇಲೆ ಮಲಗಿಸಿದಳು. ಡೋಲು ಬಾರಿಸಿದಳು. ನೂರು ಹೆಜ್ಜೆ ಎಣಿಸಿದಳು. ಬೆನ್ನು ತಿರುಗಿಸಿದಳು.

ತರಗೆಲೆಯ ಮೇಲೆ ಹೆಜ್ಜೆ ಸದ್ದಾಯಿತು. ನಿಂತಿತು. ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಡೋಲು ಬಡಿಯಿತು, ಹೆಜ್ಜೆಗಳು ದೂರವಾದವು. ಅದರ ಬೆನ್ನಿಗೇ ಬೂದಿಯ ವಾಸನೆ ಬಂತು.

"ಅವ್ವಾ!" ಎಂದು ಬೊಮ್ಮಿ ಜ್ವರದಲ್ಲಿ ಕಣ್ಣು ತೆರೆಯದೆಯೇ ಚೀರಿದಳು.

ದುಗ್ಗಳೆ ಗಿರಕ್ಕನೆ ತಿರುಗಿದಳು. ಕಣ್ಣಿದ್ದಲ್ಲಿ ಕೆಂಡ ತುಂಬಿಕೊಂಡ ಬೂದಿಗಣ್ಣ ಕೂಸಿನ ಮೇಲೆ ಬಾಗಿದ್ದ. ಪಕ್ಕದಲ್ಲಿ ಒಂದು ಕಟ್ಟು ತೊಗಟೆಯಿತ್ತು. ಕೂಸಿನ ಮೇಲೆ ಯಾರೋ ನಾರಿನ ಹೊದಿಕೆ ಹೊದೆಸಿದ್ದರು, ಕಾಲು ಹೊರಗೆ ಬಾರದ ಹಾಗೆ ಅಂಚನ್ನು ಒಳಕ್ಕೆ ಸಿಕ್ಕಿಸಿದ್ದರು. ತಿನ್ನುವವರು ಹೀಗೆ ಹೊದೆಸುತ್ತಾರೆಯೇ?

ಬಂಡೆಯ ಆಚೆ, ನೂರು ಹೆಜ್ಜೆ ದೂರದಲ್ಲಿ, ಗೂನುಬೆನ್ನಿನ ಮುದುಕಿಯೊಬ್ಬಳು ಕಾಡಿನತ್ತ ಮುಖ ಮಾಡಿ ನಿಂತಿದ್ದಳು.

ದುಗ್ಗಳೆಯ ಪಾದ ಕಲ್ಲಾಯಿತು. ಮೊಣಕಾಲು ಕಲ್ಲಾಯಿತು. ಕೂಗಿದರೆ ಮುದುಕಿ ಓಡಿಹೋಗುತ್ತಾಳೆ. ದುಗ್ಗಳೆ ತುಟಿ ಕಚ್ಚಿ ಹಿಡಿದಳು. ಕಲ್ಲು ಸೊಂಟಕ್ಕೆ ಏರಿತು. ಬೂದಿಗಣ್ಣ ಕೂಸನ್ನು ಎತ್ತಿಕೊಂಡು ನಕ್ಕ. ಕಲ್ಲು ಎದೆಗೆ ಏರಿತು.

"ಅವ್ವಾ! ಅವ್ವಾ!"

ಆ ಮುದುಕಿಗೆ ಕರಾವಳಿಯ ಭಾಷೆಯ ಒಂದು ಅಕ್ಷರವೂ ಬಾರದು. ಆದರೆ ಎಂಟು ಹೆತ್ತು ಮೂರನ್ನು ಮಣ್ಣು ಮಾಡಿದವಳಿಗೆ ಆ ಅಳುವಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಏಳು ತಲೆಮಾರಿನ ಕಟ್ಟು ಮುರಿದು ಅವಳು ತಿರುಗಿದಳು.

ಎರಡು ಕಡೆಯಿಂದ ಎರಡು ನೋಟ ಬಿದ್ದದ್ದೇ ತಡ, ಬೂದಿಗಣ್ಣನ ಕಣ್ಣಿನ ಕೆಂಡ ಆರಿತು. ಮೊದಲು ನಗು ಉದುರಿತು, ಆಮೇಲೆ ಮುಖ, ಆಮೇಲೆ ಕೈ. ಕೂಸು ಬೂದಿಯ ರಾಶಿಯ ಮೇಲೆ ಮೆತ್ತಗೆ ಬಿತ್ತು. ದುಗ್ಗಳೆಯ ಮೈಯ ಕಲ್ಲು ಹಳೆಯ ಗಾರೆಯ ಹಾಗೆ ಕಳಚಿತು. ಅವಳು ಓಡಿದಳು, ಆಚೆಯಿಂದ ಮುದುಕಿಯೂ ಓಡಿಬಂದಳು.

ಮುದುಕಿ ಬಂಡೆಯ ಮೇಲೆಯೇ ತೊಗಟೆ ಅರೆದು, ನೀರಿನಲ್ಲಿ ಕಲಸಿ, ಕೂಸಿನ ಬಾಯಿಗೆ ಬಿಟ್ಟಳು. ಇಬ್ಬರೂ ಎರಡು ಪಕ್ಕ ಕೂತು ಕಾದರು. ಹೊತ್ತು ಇಳಿಯುವ ಹೊತ್ತಿಗೆ ಬೊಮ್ಮಿಯ ಹಣೆಯ ಮೇಲೆ ಸಣ್ಣ ಸಣ್ಣ ಬೆವರ ಹನಿ ಮೂಡಿತು. ಜ್ವರ ಬಿಟ್ಟಿತ್ತು.

ದುಗ್ಗಳೆ ಅಳುತ್ತಾ ತನ್ನ ಬರಿಗೈ ತೋರಿಸಿದಳು. ಕೊಡುವುದಕ್ಕೆ ಏನೂ ಇಲ್ಲ ತಾಯಿ, ಎಂದು.

ಮುದುಕಿ ಕೂಸಿನ ಹಣೆಯನ್ನು ಬೆರಳಿನಿಂದ ಒರೆಸಿ, ಬೆರಳನ್ನು ನಾಲಿಗೆಗೆ ಇಟ್ಟುಕೊಂಡಳು. ಮುಖ ಅರಳಿತು. ಬೊಚ್ಚುಬಾಯಿ ತೆರೆದು ತನ್ನ ಭಾಷೆಯಲ್ಲಿ ಒಂದೇ ಒಂದು ಮಾತು ಹೇಳಿದಳು. ದುಗ್ಗಳೆಗೆ ಅರ್ಥವಾಯಿತು: ಉಪ್ಪು!

ಅಂದಿನಿಂದ ನಡುಬಂಡೆಯ ಬಳಿ ಯಾರೂ ಬೆನ್ನು ತಿರುಗಿಸಲಿಲ್ಲ. ಹವಳಖಂಡದಲ್ಲಿ ಎಲ್ಲರ ಗಂಜಿಗೂ ಉಪ್ಪು, ಎಲ್ಲರ ಜ್ವರಕ್ಕೂ ತೊಗಟೆ. ಅವರೆಲ್ಲ ಉಂಡು ತಣ್ಣಗಿದ್ದಾರೆ. ಕೇಳಿದ ನಿಮ್ಮ ಹೊಟ್ಟೆಯೂ ತಣ್ಣಗಿರಲಿ.